ಮೊಣಕಾಲಿನ ಉಪವಾಸ

ವಾರಿಜಾ ಆಶ್ರಮದ ಬಾಗಿಲಿಗೆ ಬರುವಾಗ ಇಬ್ಬರು ಶಿಷ್ಯರು ಗುರುಗಳನ್ನು ಕುರ್ಚಿ ಸಮೇತ ಎತ್ತಿಕೊಂಡು ಅಂಗಳ ದಾಟುತ್ತಿದ್ದರು.

ಅವಳು ಬೇಗಬೇಗ ಒಳಬಂದಳು.

ನಿರಂಜನಯ್ಯ ಗುರುಗಳು ಕೂತು ಪಾಠ ಹೇಳಿದವರಲ್ಲ. ಹೊಳೆದಂಡೆಯ ಮೇಲೆ ಅವರು ಬಿರಬಿರನೆ ನಡೆಯುತ್ತಿದ್ದರು. ಪುಟ್ಟ ವಾರಿಜಾ ಹಿಂದೆ ಓಡುತ್ತ ಓಡುತ್ತಲೇ ಕಲಿತಿದ್ದಳು. ಈಗ ಅವಳು ಮೊಣಕಾಲಿನ ಸವೆತದ ಬಗ್ಗೆ ಸಂಶೋಧನೆ ಮಾಡುವವಳು. ವರ್ಷಗಳ ದುಡಿಮೆ ಲೇಖನವಾಗಿ ಅಚ್ಚಾಗಿತ್ತು. ಅದನ್ನು ಗುರುಗಳ ಪಾದದ ಬಳಿ ಇಡಲೆಂದು ಬಂದಿದ್ದಳು.

"ಹೊಳೆಗೆ ಹೋಗುವುದಿಲ್ಲವೇ ಈಗ?"

"ಇವರು ಬಿಡಬೇಕಲ್ಲ," ಎಂದು ಗುರುಗಳು ಶಿಷ್ಯರತ್ತ ನೋಡಿ ನಕ್ಕರು. "ಒಮ್ಮೆ ಏಳುವಾಗ ಅಮ್ಮಾ ಅಂದೆ. ಅಂದಿನಿಂದ ನೆಲ ಮುಟ್ಟಿಸಿಲ್ಲ."

ವಾರಿಜಾ ಅವರ ಮಂಡಿಯನ್ನು ಮಡಚಿ, ಚಾಚಿ ನೋಡಿದಳು. ಕರಕರ ಸದ್ದಿತ್ತು. ಊತವಿರಲಿಲ್ಲ, ಬಿಸಿಯಿರಲಿಲ್ಲ. ತೊಡೆ ಮಾತ್ರ ಸೊರಗಿತ್ತು.

"ಇವರು ಮಾಡುತ್ತಿರುವುದೇ ಸರಿ. ನೀವು ಕೂತೇ ಇರಿ ಗುರುಗಳೇ."

"ಆಗಲಿ. ಏನು ಬರೆದಿದ್ದೀ, ಹೇಳು."

ವಾರಿಜಾ ಹುರುಪಿನಿಂದ ಶುರುಮಾಡಿದಳು. "ಮಂಡಿಯ ಎಲುಬುಗಳ ತುದಿಗೆ ಒಂದು ಮೆತ್ತೆಯಿದೆ. ಅದಕ್ಕೆ ರಕ್ತನಾಳವಿಲ್ಲ. ಕಾಲೂರಿದಾಗ ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಕಾಲೆತ್ತಿದಾಗ ಸುತ್ತಲಿನ ರಸ ಹೀರಿಕೊಳ್ಳುತ್ತದೆ. ಅದರ ಊಟವೇ ಅದು."

"ನಡೆಯದಿದ್ದರೆ?"

"ಉಪವಾಸ."

"ನೋವಿದ್ದವರು ಏನು ಮಾಡಬೇಕು?"

"ತಡೆದುಕೊಳ್ಳಬಹುದಾದ ನೋವಾದರೆ ನಡೆಯಬೇಕು. ನಿಧಾನವಾಗಿ, ದಿನಾ. ನಾನು ನಡೆಸಿದವರಲ್ಲಿ ಹೆಚ್ಚಿನವರು ಸುಧಾರಿಸಿಕೊಂಡರು."

"ಊರವರನ್ನೆಲ್ಲ ನಡೆಸಿದೆ. ನನ್ನನ್ನು ಕೂರಿಸಿದೆ."



ವಾರಿಜಾ ಮೆಲ್ಲಗೆ ಹೇಳಿದಳು, "ನೀವು ನೋವಿನಿಂದ ಮುಖ ಹಿಂಡಿದರೆ ನನಗೆ ತಡೆಯಲಾಗುವುದಿಲ್ಲ ಗುರುಗಳೇ."

"ತಡೆಯಲಾಗದವಳು ನೀನು. ಅದಕ್ಕೆ ನನ್ನ ಮಂಡಿಯನ್ನು ಯಾಕೆ ಉಪವಾಸ ಕೆಡವುತ್ತೀ?"

ಗುರುಗಳು ಅವಳ ಹೆಗಲ ಮೇಲೆ ಕೈಯೂರಿ ಎದ್ದರು. ಶಿಷ್ಯರು ಗಾಬರಿಯಿಂದ ಕುರ್ಚಿ ಹಿಡಿದು ಓಡಿಬಂದರು. ಗುರುಗಳು ಬೇಡವೆಂದು ಕೈಯಾಡಿಸಿದರು.

ನಾಲ್ವರೂ ಹೊಳೆಯ ದಾರಿ ಹಿಡಿದರು. ಮುಂದೆ ಗುರುಗಳು, ಪಕ್ಕದಲ್ಲಿ ವಾರಿಜಾ, ಹಿಂದೆ ಖಾಲಿ ಕುರ್ಚಿ ಹೊತ್ತ ಶಿಷ್ಯರು.

ಅರ್ಧ ದಾರಿಯಲ್ಲಿ ಹುಣಸೆಮರದ ಕಟ್ಟೆ ಬಂತು. ಗುರುಗಳು ಕೂತರು. ಹಣೆಯ ಮೇಲೆ ಬೆವರಿತ್ತು. ಸಾಕು, ಹಿಂದಿರುಗೋಣ ಎನ್ನಲು ವಾರಿಜಾ ಬಾಯಿ ತೆರೆದಳು. ತಾನೇ ಬರೆದದ್ದು ನೆನಪಾಗಿ ಸುಮ್ಮನಾದಳು. ಅವರ ಪಕ್ಕದಲ್ಲಿ ಕೂತು, ಉಸಿರು ಹದಕ್ಕೆ ಬರುವವರೆಗೆ ಕಾದು, ಮತ್ತೆ ಹೆಗಲು ಕೊಟ್ಟಳು.

ಇಳಿಜಾರಿನಲ್ಲಿ ಗುರುಗಳು ಅಡ್ಡಡ್ಡ ಹೆಜ್ಜೆಯಿಟ್ಟು ಇಳಿದರು. ಒಮ್ಮೆ ಜೋಲಿ ಹೊಡೆದರು. ವಾರಿಜಾ ಗಟ್ಟಿಯಾಗಿ ನಿಂತಳು. ಇಬ್ಬರೂ ಬೀಳಲಿಲ್ಲ.

ನೀರು ಪಾದ ಮುಟ್ಟಿತು. ಗುರುಗಳು ಕಣ್ಣುಮುಚ್ಚಿ ನಿಂತರು. ಆಮೇಲೆ ಬಗ್ಗಿ ಬೊಗಸೆ ನೀರೆತ್ತಿ ಶಿಷ್ಯರ ಮುಖಕ್ಕೆ ಎರಚಿದರು. ಕುರ್ಚಿ ಮರಳಲ್ಲೇ ಉಳಿಯಿತು. ಶಿಷ್ಯರಿಬ್ಬರೂ ನೀರಿಗಿಳಿದರು. ವಾರಿಜಾ ಸೀರೆ ಎತ್ತಿಕಟ್ಟಿ ಮಂಡಿಯುದ್ದ ನೀರಿನಲ್ಲಿ ನಿಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಗು ನಿಂತ ಮೇಲೆ ಮತ್ತೆ ಅಳುಕು ಇಣುಕಿತು.

"ನೋವಿದೆಯೇ ಗುರುಗಳೇ?"

"ಇದೆ ತಾಯಿ. ಪಾಪ, ಅದೂ ಹೊಳೆ ನೋಡಿ ಬಹಳ ದಿನವಾಗಿತ್ತು."