ಗುಳ್ಳೆ ಹೋದ ದಾರಿ

ಮಲಪ್ರಭೆಯ ದಂಡೆಯ ಆಸ್ಪತ್ರೆಯಲ್ಲಿ ಒಂದು ಕತ್ತಲ ಕೋಣೆ. ಅದೇ ಡಾಕ್ಟರ್ ಪದ್ಮಾವತಿ ಉಪಾಧ್ಯೆಯವರ ಆಶ್ರಮ. ಕಿವಿಗೆ ಕೇಳದ ಶಬ್ದ ಬಿಟ್ಟು ಮೈಯೊಳಗನ್ನು ತೋರಿಸುವ ಸ್ಕ್ಯಾನ್ ಯಂತ್ರವೇ ಅವರ ದೇವರು.

ಶಿಷ್ಯ ಸಿದ್ಧಾರೂಢ, ಹೊಸ ಡಾಕ್ಟರ್. ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ತೊಂದರೆ ಇದ್ದದ್ದೇ ಅಲ್ಲಿ.

ಆವತ್ತು ಕಾಶವ್ವ ಬಂದು ಮಲಗಿದ್ದಳು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಬಲ ಮೊಲೆಯಲ್ಲಿ ಕ್ಯಾನ್ಸರ್ ಗಂಟು. ಅದು ಕಂಕುಳಿನ ದುಗ್ಧರಸ ಗ್ರಂಥಿಗಳಿಗೂ ಇಳಿದಿದ್ದರೆ ಅವನ್ನೆಲ್ಲ ತೆಗೆಯಬೇಕಾದೀತು, ಆಮೇಲೆ ಕೈ ಊದಿಕೊಂಡೀತು. ಮೊಲೆಯ ಮಾತಿಗೆ ಅಳದವಳು ಕೈಯ ಮಾತಿಗೆ ಅತ್ತಿದ್ದಳು.

ಮೊಲೆತೊಟ್ಟಿನ ಪಕ್ಕ ಔಷಧ ಚುಚ್ಚಿ ಮೆಲ್ಲಗೆ ತೀಡಿದರು. ಆ ಔಷಧದ ತುಂಬ ಕಣ್ಣಿಗೆ ಕಾಣದ ಗುಳ್ಳೆಗಳು. ರೋಗ ಇಳಿಯುವ ದಾರಿಯನ್ನೇ ಹಿಡಿದು ಅವು ಕಂಕುಳಿನ ಮೊದಲ ಗ್ರಂಥಿಯನ್ನು ಸೇರಿ ಪರದೆಯಲ್ಲಿ ಬೆಳ್ಳಗೆ ಮಿನುಗುತ್ತವೆ. ಗ್ರಂಥಿ ಪೂರಾ ಮಿನುಗಿದರೆ ಒಳ್ಳೆಯ ಸೂಚನೆ. ಕಪ್ಪು ಉಳಿದರೆ ಅಲ್ಲಿ ರೋಗ ಕೂತಿರುವ ಅನುಮಾನ.

ಸಿದ್ಧಾರೂಢನಿಗೆ ಚಿತ್ರ ಮಬ್ಬೆನಿಸಿತು. ಯಂತ್ರದ ಶಬ್ದದ ಬಲ ಏರಿಸಿದ. ಪರದೆ ಝಗ್ಗೆಂದಿತು. ಇನ್ನೂ ಏರಿಸಿ, ಮೈಮೇಲೆ ಆಡಿಸುವ ಪ್ರೋಬನ್ನು ಕಂಕುಳಿಗೆ ಒತ್ತಿ ಹಿಡಿದ.

"ತಮ್ಮಾ," ಅಂದಳು ಕಾಶವ್ವ, "ನನ್ನ ಬಗಲಾಗ ನಿಂದೇನರ ಕಳದೈತೇನು?"

ಅವನಿಗೆ ನಗು ಬರಲಿಲ್ಲ. ಗ್ರಂಥಿಯ ಅರ್ಧ ಕಪ್ಪಾಗಿತ್ತು. ಗುರುಗಳ ಕಿವಿಯಲ್ಲಿ, ರೋಗ ಇಳಿದಂಗ ಕಾಣ್ತದ, ರಿಪೋರ್ಟ್ ಬರೀಲೇನು ಎಂದು ಕೇಳಿದ.

"ಅದನ್ನ ಕಪ್ಪ ಮಾಡಿದವರು ಯಾರು?"

"ರೋಗರೀ, ಮೇಡಂ."

ಗುರುಗಳು ಅವನು ಏರಿಸಿದ್ದ ಗುಂಡಿಯ ಮೇಲೆ ಬೆರಳಿಟ್ಟರು. ಶಬ್ದದ ಏಟಿಗೆ ಗುಳ್ಳೆಗಳು ಒಡೆದುಹೋಗಿದ್ದವು. ಸಿದ್ಧಾರೂಢನ ಕಿವಿ ಬಿಸಿಯಾಯಿತು.

ತಪ್ಪು ನಮ್ಮದು, ಇನ್ನೊಮ್ಮೆ ಚುಚ್ಚಬೇಕು ಎಂದು ಗುರುಗಳೇ ಕಾಶವ್ವನಿಗೆ ಹೇಳಿದರು. ಈ ಸಲ ಆ ತಮ್ಮ ಮೈಮೇಲೆ ಬೀಳದಿದ್ದರೆ ಆಗಲಿ ಅಂದಳು ಆಕೆ.

ಮತ್ತೆ ಚುಚ್ಚಿ ತೀಡಿದ ಮೇಲೆ ಗುರುಗಳು ಶಿಷ್ಯನ ಕೈಮೇಲೆ ಕೈಯಿಟ್ಟು ಅವನ ಹಿಡಿತ ಸಡಿಲಿಸಿದರು. ಪರದೆ ಕಪ್ಪಾಗುವವರೆಗೆ ಬಲ ಇಳಿಸಿದರು.

"ಏನೂ ಕಾಣವಲ್ದು, ಮೇಡಂ."

"ಬರೋದು ಕಾಣಸ್ತದ. ಕಾಯಿ."

ಕಾದರು. ಕಪ್ಪಿನೊಳಗೆ ನೂಲಿನಂಥ ಬೆಳಕೊಂದು ಮೂಡಿ ಸಾವಕಾಶ ಕಂಕುಳಿನತ್ತ ಹೊರಟಿತು. ಗ್ರಂಥಿಯ ಅಂಚು ಬೆಳಗಿತು, ಆಮೇಲೆ ನಡು, ಆಮೇಲೆ ಒಂದು ಮೂಲೆಯೂ ಬಿಡದೆ ಪೂರಾ. ಸಿದ್ಧಾರೂಢ ಪ್ರೋಬ್ ಅಲುಗದಂತೆ ಹಿಡಿದೇ ಇನ್ನೊಂದು ತೋಳಿಗೆ ಕಣ್ಣೊರೆಸಿಕೊಂಡ. ಗುರುಗಳು ನೋಡಿಯೂ ನೋಡದಂತೆ ಗೋಡೆಯತ್ತ ತಿರುಗಿದರು.

ಚಲೋ ಕಾಣ್ತದ, ಆದರೂ ಆ ಒಂದು ಗ್ರಂಥಿಯಿಂದ ಸೂಜಿಯಲ್ಲಿ ಚೂರು ತೆಗೆದು ಖಾತ್ರಿ ಮಾಡಿಕೊಳ್ಳೋಣ, ಎಲ್ಲ ತೆಗೆಯುವ ಮಾತು ಈಗ ಬೇಡ ಎಂದು ಕಾಶವ್ವನಿಗೆ ಬಿಡಿಸಿ ಹೇಳಿದರು. ಆಕೆ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಳು.

ಆಕೆ ಹೋದಮೇಲೆ ಶಿಷ್ಯ ಕೇಳಿದ.

"ಬಲ ಎಷ್ಟಿಡಬೇಕಂತ ಹೆಂಗ ತಿಳೀಬೇಕ್ರಿ, ಮೇಡಂ? ಅಷ್ಟು ಕಡಿಮಿ ಇಟ್ರ ನನ್ನ ಕಣ್ಣಿಗೆ ಸಾಲೂದಿಲ್ಲ."

ಗುರುಗಳು ಅವನ ಬೆನ್ನು ತಟ್ಟಿದರು.

"ನಿನ್ನ ಕಣ್ಣಿಗೆ ಎಷ್ಟು ಬೇಕು ಅಂತ ಕೇಳಬ್ಯಾಡಪಾ. ಗುಳ್ಳಿ ಎಷ್ಟು ತಡಕೋತದ, ಅದನ್ನ ಕೇಳು."