ಸಿಂಗಾರಿಯ ಮೊಡವೆ

ಸಿಂಗಾರಿ ಎಂಬ ಕೋತಿಯನ್ನು ನೋಡಲು ಗಂಡಿನ ಕಡೆಯವರು ಬರುವುದಕ್ಕೆ ನಾಲ್ಕೇ ದಿನವಿದ್ದಾಗ ಅವಳ ಕೆನ್ನೆಯ ಮೇಲೆ ಸಾಸಿವೆಯಷ್ಟು ಮೊಡವೆ ಎದ್ದಿತು. ಕೆರೆಯ ನೀರಲ್ಲಿ ಮುಖ ನೋಡಿಕೊಂಡು ಗೋಳಾಡುತ್ತಿದ್ದವಳಿಗೆ ಎಮ್ಮೆ ಹೇಳಿತು: "ತಣ್ಣೀರಲ್ಲಿ ಮುಖ ತೊಳೆದುಕೋ ತಾಯಿ, ಕೈ ಮಾತ್ರ ಹಚ್ಚಬೇಡ. ತಾನಾಗಿ ಅಡಗುತ್ತದೆ."

"ಕೆಸರಲ್ಲಿ ಹೊರಳುವವಳಿಂದ ನಾನು ಚೆಲುವಿನ ಪಾಠ ಕಲಿಯಬೇಕೆ?" ಎಂದು ಸಿಂಗಾರಿ ಮೂತಿ ತಿರುವಿದಳು. ಮೊಡವೆಯನ್ನು ಚಿವುಟಿ, ನಿಂಬೆರಸ ಹಿಂಡಿದಳು. ಉರಿ ಹತ್ತಿದಾಗ ಔಷಧಿ ನಾಟುತ್ತಿದೆ ಎಂದು ಹಿಗ್ಗಿ, ಮೇಲೆ ಎಕ್ಕದ ಹಾಲನ್ನೂ ಬಳಿದಳು. ಮುಖವೆಲ್ಲ ಬಾತು ಕೆಂಪಗಾಯಿತು.

ಹೆಣ್ಣು ನೋಡಲು ಬಂದ ಗಂಡಿನ ತಾಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಹುಡುಗಿಗೆ ನಾಚಿಕೆ ಜಾಸ್ತಿ. ನಮಗೆ ಹಿಂಭಾಗ ತೋರಿಸಿ ಕೂತಿದ್ದಾಳಲ್ಲ, ಸ್ವಲ್ಪ ಈ ಕಡೆ ತಿರುಗಲಿ" ಎಂದಳು.

ಸಿಂಗಾರಿ ಅವರಿಗೆ ಮುಖ ಮಾಡಿಯೇ ಕೂತಿದ್ದಳು.