ಉಳಿದರ್ಧ ಜೋಳ

"ಗುರುಗಳೇ, ನನ್ನ ವಸ್ತುವನ್ನು ಇನ್ನೊಬ್ಬ ಇಟ್ಟುಕೊಂಡು ಕೊಡದೆ ಹೋದರೆ, ನಾನೇ ಹೋಗಿ ತಂದುಕೊಳ್ಳುವುದು ತಪ್ಪೇ?"

ಶಿಷ್ಯ ಇದನ್ನು ನಿಂತೇ ಕೇಳಿದ. ಕೂರು ಎಂದರೂ ಕೂರಲಿಲ್ಲ. ಅವನು ಊರಿಗೆ ಹೋಗಿ ಆಗತಾನೆ ಮಠಕ್ಕೆ ಹಿಂದಿರುಗಿದ್ದ. ನೆರೆಮನೆಯವನು ಮಗಳ ಮದುವೆಗೆಂದು ಶಿಷ್ಯನ ಮನೆಯ ತಾಮ್ರದ ಹಂಡೆಯನ್ನು ಒಯ್ದಿದ್ದ. ಆ ಮಗಳು ಬಾಣಂತನಕ್ಕೆ ತವರಿಗೆ ಬಂದಾಗಲೂ ಹಂಡೆ ಹಿಂದಿರುಗಿರಲಿಲ್ಲ. ಅವಳ ಮಗುವಿಗೆ ಅದರಲ್ಲೇ ನೀರು ಕಾಯುತ್ತಿತ್ತು. ಕೇಳಲು ಹೋದರೆ, ಮದುವೆಗೆ ಕೊಟ್ಟದ್ದನ್ನು ಯಾರಾದರೂ ವಾಪಸು ಕೇಳುತ್ತಾರೆಯೇ ಎಂದು ನೆರೆಯವನು ನಕ್ಕಿದ್ದ. ಇತ್ತ ಶಿಷ್ಯನ ತಾಯಿ ಒಡಕು ಮಡಕೆಯಲ್ಲಿ ನೀರು ಕಾಯಿಸುತ್ತಿದ್ದಳು. ಇದನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿದ. ನೆರೆಮನೆಯ ಹಿತ್ತಲಿನ ಗೋಡೆ ಎದೆಯೆತ್ತರವೂ ಇಲ್ಲ, ಮಧ್ಯಾಹ್ನ ಆ ಮನೆಯವರೆಲ್ಲ ಹೊಲದಲ್ಲಿರುತ್ತಾರೆ ಎಂದೂ ಹೇಳಿದ.

"ಗೋಡೆಯ ಎತ್ತರವನ್ನು ಅಳೆದುಕೊಂಡೇ ಬಂದಿದ್ದೀಯೆ. ಇನ್ನು ನನ್ನನ್ನು ಕೇಳುವುದೇನಿದೆ?" ಎಂದರು ಗುರುಗಳು.

ಶಿಷ್ಯ ಈಗ ಕುಳಿತ. ಗುರುಗಳು ಈ ಕತೆ ಹೇಳಿದರು.

ಒಬ್ಬ ಕುರಿಗಾಹಿಗೆ ಒಂದು ನಾಯಿ ಇತ್ತು. ಕಣ್ಣು ಬಿಡುವ ಮೊದಲೇ ತಾಯಿಯನ್ನು ಕಳೆದುಕೊಂಡ ಮರಿ. ಕುರಿಯ ಹಾಲಿನಲ್ಲಿ ಬಟ್ಟೆಯ ಬತ್ತಿಯನ್ನು ಅದ್ದಿ ಚೀಪಿಸಿ ಅದನ್ನು ಬದುಕಿಸಿಕೊಂಡಿದ್ದ. ತನ್ನ ಮಕ್ಕಳು ಅತ್ತಾಗ ಮಗ್ಗುಲು ಬದಲಿಸದವನು ನಾಯಿ ಕುಂಯ್ ಎಂದರೆ ಎದ್ದು ಕೂರುತ್ತಾನೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಮೈ ಬೂದಿಯ ಬಣ್ಣ. ಅದಕ್ಕೆ ಬೂದ ಎಂದು ಹೆಸರಿಟ್ಟಿದ್ದ.

ಒಂದು ವರ್ಷ ಕುರಿಗಳಿಗೆ ರೋಗ ಬಂತು. ಮಂದೆ ಕರಗಿತು. ಕುರಿಗಾಹಿ ಕಂಬಳಿ ನೇಯುವವರ ಮನೆಯಲ್ಲಿ ಉಣ್ಣೆ ಹಿಂಜುವ ಕೆಲಸಕ್ಕೆ ನಿಂತ. ನಾಯಿಗೆ ಕಾಯಲು ಏನೂ ಉಳಿಯಲಿಲ್ಲ, ಹಸಿವು ಮಾತ್ರ ಮೊದಲಿನಷ್ಟೇ ಇತ್ತು. ಆ ಊರಿನ ಧಾನ್ಯದ ವ್ಯಾಪಾರಿಯ ಉಗ್ರಾಣಕ್ಕೆ ಕಳ್ಳರ ಕಾಟ. ಬಹಳ ದಿನಗಳಿಂದ ಅವನ ಕಣ್ಣು ಈ ನಾಯಿಯ ಮೇಲಿತ್ತು. ಅವನು ಕುರಿಗಾಹಿಯನ್ನು ಮನೆಯ ಹಿಂದಕ್ಕೆ ಕರೆದು ನಾಯಿಯನ್ನು ಕೇಳಿದ. ನಾಯಿ ಮಾರಿದ ದುಡ್ಡೇನು ಬೊಗಳುವುದಿಲ್ಲ, ತೆಗೆದುಕೊ ಎಂದು ನಾಣ್ಯದ ಚೀಲವನ್ನು ಆಡಿಸಿ ತೋರಿಸಿದ.

ಕುರಿಗಾಹಿ ಒಪ್ಪಲಿಲ್ಲ. ಆ ಸೀಮೆಯ ಕುರಿಗಾಹಿಗಳು ನಾಯಿಗೆ ಹಣ ಮುಟ್ಟುವುದಿಲ್ಲ. ನಾಯಿ ಒಂದು ಮನೆಯ ಅನ್ನ ತಿಂದಿರುತ್ತದೆ. ಒಯ್ಯುವವನು ಆ ಅನ್ನದ ಋಣವನ್ನು ಕಾಳಿನಲ್ಲಿ ತೀರಿಸಬೇಕು. ಆಗ ನಾಯಿ ಹಳೆಯ ಮನೆಯಿಂದ ಬಿಡುಗಡೆಯಾಗುತ್ತದೆ. ಇದು ಅವರ ಕಟ್ಟಳೆ. ಇಷ್ಟು ಜೋಳ ಎಂದು ಇಬ್ಬರೂ ಒಪ್ಪಿದರು. ಅರ್ಧ ಈಗ, ಉಳಿದರ್ಧ ಸುಗ್ಗಿ ಮುಗಿದ ಮೇಲೆ. ಮೂರನೆಯವರು ಯಾರೂ ಅಲ್ಲಿರಲಿಲ್ಲ. ಸಾಕಿದ ನಾಯಿಯ ವ್ಯವಹಾರವನ್ನು ನಾಲ್ಕು ಜನರ ಮುಂದೆ ಆಡಲು ಕುರಿಗಾಹಿಗೆ ನಾಚಿಕೆ.

ಒಪ್ಪಿಸುವುದಕ್ಕೂ ಒಂದು ಕ್ರಮವಿತ್ತು. ಹೊಸ ಒಡೆಯ ರೊಟ್ಟಿ ಮುರಿದು ತನ್ನ ಕೈಯಿಂದ ತಿನ್ನಿಸಬೇಕು. ಹಳೆಯ ಒಡೆಯ ಮುಖ ತಿರುಗಿಸಿ ನಿಲ್ಲಬೇಕು. ಅಂದಿನಿಂದ ಅವನು ಆ ನಾಯಿಯನ್ನು ಹೆಸರು ಹಿಡಿದು ಕರೆಯಕೂಡದು. ಕರೆದರೆ ನಾಯಿಗೆ ಎರಡು ಮನೆಯಾಗುತ್ತದೆ. ಎರಡು ಮನೆಯ ನಾಯಿ ಯಾವ ಮನೆಯನ್ನೂ ಕಾಯುವುದಿಲ್ಲ.

ಕುರಿಗಾಹಿ ಮುಖ ತಿರುಗಿಸಿ ನಿಂತ. ನಾಯಿ ಬಹಳ ಹೊತ್ತು ತಿನ್ನಲಿಲ್ಲ. ಆಮೇಲೆ ತಿಂದಿತು. ಕುರಿಗಾಹಿ ಹಿಂದೆ ನೋಡದೆ ಮನೆಗೆ ಬಂದ. ಮುಂದೆ ವ್ಯಾಪಾರಿಯ ಬೀದಿಯಲ್ಲಿ ಹೋಗಬೇಕಾದಾಗಲೆಲ್ಲ ಸುತ್ತು ಬಳಸಿ ಹೋದ.

ನಾಯಿ ಚೆನ್ನಾಗಿ ಕಾಯಿತು. ಕನ್ನ ಕೊರೆಯಲು ಬಂದ ಒಬ್ಬನ ಮೀನಖಂಡವನ್ನು ಕಿತ್ತಿತು. ಅವನು ಬಿಟ್ಟು ಓಡಿದ ಗಡಾರಿಯನ್ನು ವ್ಯಾಪಾರಿ ಅಂಗಡಿಯ ಮುಂದೆ ನೇತುಹಾಕಿ ಬಂದವರಿಗೆಲ್ಲ ತೋರಿಸಿದ. ಸುಗ್ಗಿ ಮುಗಿಯಿತು. ಕುರಿಗಾಹಿ ಖಾಲಿ ಚೀಲ ಹಿಡಿದು ಹೋದ. ನಾಳೆ ಬಾ ಎಂದ ವ್ಯಾಪಾರಿ. ನಾಳೆ ಹೋದರೆ ಅಮಾವಾಸ್ಯೆ, ಕಾಳು ಹೊರಗೆ ಹೋಗುವುದಿಲ್ಲ ಎಂದ. ಅಮಾವಾಸ್ಯೆ ಕಳೆದ ಮೇಲೆ ಹೋದರೆ ಅಳೆಯಲು ಕೊಳಗ ಹಿಡಿಯುವ ಆಳಿಲ್ಲ ಎಂದ. ಒಂದು ದಿನ ಅಂಗಡಿಯ ತುಂಬ ಗಿರಾಕಿಗಳು ಇದ್ದರು. ಕುರಿಗಾಹಿ ಅವರ ನಡುವೆ ನಿಂತು, ಒಪ್ಪಿದ್ದನ್ನು ಕೊಡು ಎಂದ.

"ಅನ್ನದ ಋಣ ಅಂದೆಯಲ್ಲ ನೀನು? ಬಂದ ದಿನದಿಂದ ಅದು ನನ್ನ ಮನೆಯಲ್ಲಿ ತಿಂದದ್ದನ್ನು ಅಳೆದರೆ ನೀನೇ ನನಗೆ ಬಾಕಿ ನಿಲ್ಲುತ್ತೀ" ಎಂದ ವ್ಯಾಪಾರಿ. "ಚೀಲ ಹೇಗೂ ತಂದಿದ್ದೀಯೆ. ತುಂಬಿಸಿಕೊಂಡು ಬಾ ಹೋಗು."

ಗಿರಾಕಿಗಳು ನಕ್ಕರು. ಅವರಲ್ಲಿ ಒಬ್ಬ ನಾಯಿಯಂತೆ ಬೊಗಳಿ ತೋರಿಸಿದ. ಕುರಿಗಾಹಿ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಬೀದಿಯ ಜನರೆಲ್ಲ ಆ ಖಾಲಿ ಚೀಲವನ್ನು ನೋಡಿದರು. ಮನೆಗೆ ಬಂದು ಚೀಲವನ್ನು ನೆಲಕ್ಕೆ ಬಡಿದ. ಊರಿನ ಹಿರಿಯರ ಮುಂದೆ ಹೇಳು ಎಂದಳು ಹೆಂಡತಿ. ಸಾಕ್ಷಿ ಎಲ್ಲಿದೆ ಎಂದ ಅವನು. ಸಾಕ್ಷಿ ಇಲ್ಲದಿದ್ದದ್ದು ನಿಜ. ಆದರೆ ಹಿರಿಯರು ಕೂಡುವ ತನಕ ಕಾಯುವ ಮನಸ್ಸೂ ಅವನಿಗೆ ಇರಲಿಲ್ಲ. ಸಿಟ್ಟಿಗೆ ನ್ಯಾಯ ಬೇಕಿರುವುದಿಲ್ಲ, ಇವತ್ತೇ ಬೇಕಿರುತ್ತದೆ.

ಸಂತೆಯ ದಿನ ಮಧ್ಯಾಹ್ನ ವ್ಯಾಪಾರಿ ಆಳುಗಳನ್ನು ಕರೆದುಕೊಂಡು ಸಂತೆಗೆ ಹೋಗಿದ್ದ. ಕುರಿಗಾಹಿ ಹಿತ್ತಲಿನಿಂದ ಉಗ್ರಾಣದ ಅಂಗಳಕ್ಕೆ ಇಳಿದ. ಬಾಗಿಲಿನ ಬಳಿ ಕಟ್ಟಿದ್ದ ನಾಯಿ ಎದ್ದು ನಿಂತಿತು. ಬಿಸಿಲಿಗೆ ಎದುರಾಗಿದ್ದುದರಿಂದ ಅದಕ್ಕೆ ಬಂದವನು ಯಾರೆಂದು ತಿಳಿಯಲಿಲ್ಲ. ಬೆನ್ನಿನ ಕೂದಲು ನೆಟ್ಟಗಾಯಿತು. ಗಂಟಲಿನಲ್ಲಿ ಗುರುಗುಟ್ಟಿತು. ಇನ್ನೊಂದು ಹೆಜ್ಜೆ ಇಟ್ಟರೆ ಬೊಗಳುತ್ತದೆ, ಬೀದಿಯೇ ಸೇರುತ್ತದೆ ಎಂದು ಅವನಿಗೆ ಗೊತ್ತಾಯಿತು.

"ಬೂದ" ಎಂದ ಅವನು, ಮೆಲ್ಲಗೆ.

ಗುರುಗುಟ್ಟುವುದು ನಿಂತಿತು. ನಾಯಿ ಹಗ್ಗ ಬಿಟ್ಟಷ್ಟು ದೂರ ಬಂದು ಅವನ ಮೊಣಕಾಲಿಗೆ ತಲೆ ಒತ್ತಿ ನಿಂತಿತು. ಅವನು ಅದನ್ನು ದಾಟಿಕೊಂಡು ಅಗಣಿ ಸರಿಸಿ ಒಳಗೆ ಹೋದ.

ತನಗೆ ಬರಬೇಕಾದಷ್ಟನ್ನೇ ಅಳೆದ. ವ್ಯಾಪಾರಿಯ ಕೊಳಗದಲ್ಲೇ ಅಳೆದ. ಪ್ರತಿ ಸಲವೂ ಅಂಗೈಯಿಂದ ಕೊಳಗದ ತಲೆ ಸವರಿ, ಉದುರಿದ ಕಾಳನ್ನು ರಾಶಿಗೆ ಸೇರಿಸಿದ. ಒಂದು ಕಾಳು ಹೆಚ್ಚಾದರೂ ತಾನು ಕಳ್ಳನಾಗುತ್ತೇನೆ ಎಂಬುದು ಅವನ ಭಾವನೆ. ಕೊನೆಗೆ ಕೊಳಗದ ತಳ ತಟ್ಟಿ, ಅಂಟಿದ್ದ ಕಾಳನ್ನೂ ಬೀಳಿಸಿ, ಅದನ್ನು ಬೋರಲು ಹಾಕಿ ಹೊರಗೆ ಬಂದ. ನಾಯಿ ಅವನು ಹೋಗುವುದನ್ನು ನೋಡುತ್ತ ನಿಂತಿತ್ತು.

ಮನೆಯಲ್ಲಿ ಹೆಂಡತಿ ತುಂಬಿದ ಚೀಲವನ್ನು ನೋಡಿದಳು.

"ಕೊಟ್ಟನೇ?"

"ನನ್ನದನ್ನು ನಾನು ತಂದೆ."

"ನಾನು ಕೇಳಿದ್ದು ಅದಲ್ಲ" ಎಂದಳು ಅವಳು. ಚೀಲದ ಬಾಯಿ ಬಿಚ್ಚಲಿಲ್ಲ. ಮೂಲೆಗೆ ತಳ್ಳಿ, ಸಾಲ ತಂದ ಹಿಟ್ಟಿನಲ್ಲಿ ರೊಟ್ಟಿ ಬಡಿದಳು.

ಕಾಳಿನ ವ್ಯಾಪಾರದ ಮನೆಯವರು ಕೊಳಗವನ್ನು ಬರಿದಾಗಿ ಇಡುವುದಿಲ್ಲ. ಅಳೆದಾದ ಮೇಲೆ ಒಂದು ಹಿಡಿ ಕಾಳನ್ನು ಅದರಲ್ಲೇ ಬಿಡುತ್ತಾರೆ. ಬೋರಲು ಹಾಕುವುದಂತೂ ಸಾವಿನ ಮನೆಯಲ್ಲಿ. ಕುರಿ ಕಾಯುವವನಿಗೆ ಇದು ಹೇಗೆ ತಿಳಿಯಬೇಕು? ಸಂತೆಯಿಂದ ಬಂದ ವ್ಯಾಪಾರಿ ಬೋರಲು ಬಿದ್ದ ಕೊಳಗವನ್ನು ನೋಡಿದ ಕೂಡಲೇ ಕೂಗಾಡಿದ. ರಾಶಿ ತಗ್ಗಿದ್ದನ್ನು ನೋಡಿದ. ಅಕ್ಕಪಕ್ಕದವರನ್ನು ಕೇಳಿದ. ನಾಯಿ ಒಮ್ಮೆಯೂ ಬೊಗಳಲಿಲ್ಲ ಎಂದರು ಎಲ್ಲರೂ. ಅವನು ನಾಯಿಯ ಹಗ್ಗವನ್ನು ಬಿಚ್ಚಿ, ಅದನ್ನು ಎಳೆದುಕೊಂಡು ಊರಿನ ನ್ಯಾಯದ ಕಟ್ಟೆಗೆ ಹೋದ. ಹಿರಿಯರನ್ನು ಕೂಡಿಸಿದ. ಕುರಿಗಾಹಿಯನ್ನೂ ಕರೆಸಿದ.

ಸಿಟ್ಟಿನಲ್ಲಿ ವ್ಯಾಪಾರಿ ಏನನ್ನೂ ಮುಚ್ಚಿಡಲಿಲ್ಲ. ಈ ನಾಯಿಗೆ ಇಷ್ಟು ಜೋಳ ಎಂದು ಒಪ್ಪಿದ್ದೆ, ಅರ್ಧ ಕೊಟ್ಟಿದ್ದೇನೆ, ಅರ್ಧ ಬಾಕಿ ಇದೆ, ಎಂಥ ನಾಯಿಯನ್ನು ನನ್ನ ತಲೆಗೆ ಕಟ್ಟಿದ್ದಾನೆ ನೀವೇ ಕೇಳಿ ಎಂದ. ಕುರಿಗಾಹಿಗೆ ಇಲ್ಲದಿದ್ದ ಸಾಕ್ಷಿಯನ್ನು ಇಡೀ ಊರಿನ ಮುಂದೆ ಅವನೇ ನುಡಿದ. ಆ ಚೀಲ ಕುರಿಗಾಹಿಯ ಮನೆಯ ಮೂಲೆಯಲ್ಲಿ ಇರದಿದ್ದರೆ ವ್ಯಾಜ್ಯ ಅಲ್ಲಿಗೇ ಮುಗಿಯುತ್ತಿತ್ತು.

ಹಿರಿಯರು ಬಾಕಿಯ ಮಾತನ್ನು ಬಿಟ್ಟು ನಾಯಿಯ ಮಾತು ಹಿಡಿದರು. ಮುಖ ತಿರುಗಿಸಿ ಒಪ್ಪಿಸಿದ ಕುರಿಗಾಹಿ ಕಟ್ಟಳೆ ಮುರಿದು ಅದನ್ನು ಮತ್ತೆ ಕರೆದಾನು ಎಂದು ಯಾರೂ ಎಣಿಸಲಿಲ್ಲ. ಕಳ್ಳನಿಗೆ ಬಾಲ ಆಡಿಸಿದ ನಾಯಿಯನ್ನು ಆ ಊರಿನಲ್ಲಿ ಉಳಿಸುವುದಿಲ್ಲ. ಉಂಡ ಮನೆಗೆ ಎರಡು ಬಗೆಯಿತು ಎಂದು ಕೊಲ್ಲಿಸುತ್ತಾರೆ. ಆದರೂ ಅವರಲ್ಲಿ ಹಿರಿಯನಾದವನು ಅವಸರ ಮಾಡಲಿಲ್ಲ. ಈ ನಾಯಿ ಕಳ್ಳನ ಕಾಲು ಕಿತ್ತದ್ದು ಅವನಿಗೆ ತಿಳಿದಿತ್ತು. ಕುರಿಗಾಹಿಯ ಕಡೆಗೆ ತಿರುಗಿದ.

"ಸಾಕಿದವನು ನೀನು. ಇದರ ಗುಣ ನಿನಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಇದು ಯಾಕೆ ಬಾಯಿ ಬಿಡಲಿಲ್ಲ, ಹೇಳಪ್ಪ."

ಕುರಿಗಾಹಿ ವ್ಯಾಪಾರಿಯ ಮುಖ ನೋಡಿದ. ಅಂಗಡಿಯಲ್ಲಿ ನಕ್ಕವರು ಅವನ ಹಿಂದೆಯೇ ನಿಂತಿದ್ದರು. ನಾನೇ ಹೋಗಿದ್ದೆ ಎಂದರೆ ನಾಯಿ ಉಳಿಯುತ್ತದೆ. ಆದರೆ ಇವರ ಮುಂದೆ, ಇವನ ಮುಂದೆ, ತಾನು ಕಳ್ಳ ಎನಿಸಿಕೊಳ್ಳಬೇಕು. ಅಂಗಡಿಯ ಬಾಗಿಲಲ್ಲಿ ತನ್ನನ್ನು ನಾಯಿಗಿಂತ ಕಡೆ ಮಾಡಿದವನು ಇಲ್ಲಿ ಸತ್ಯವಂತನಾಗಿ ಹೊರಡುತ್ತಾನೆ.

"ಅದು ಈಗ ನನ್ನ ನಾಯಿಯಲ್ಲ" ಎಂದ.

ಅವನ ದನಿ ಕೇಳಿ ನಾಯಿ ಬಾಲ ಆಡಿಸಿತು. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಕುರಿಗಾಹಿಯ ಬಾಯನ್ನೇ ನೋಡುತ್ತಿದ್ದರು.

ಹಿರಿಯರು ತೀರ್ಪು ಕೊಟ್ಟರು. ಇಂಥ ನಾಯಿಗೆ ಉಳಿದರ್ಧ ಕೊಡಬೇಕಾಗಿಲ್ಲ. ನಾಯಿಯನ್ನು ಉಳಿಸಕೂಡದು. ದಿನವೂ ಅದಕ್ಕೆ ಅನ್ನ ಹಾಕುತ್ತಿದ್ದ ಆಳೇ ಒನಕೆ ಹಿಡಿದು ಅದನ್ನು ಕೆರೆಯ ಹಿಂದಕ್ಕೆ ಕರೆದುಕೊಂಡು ಹೋದ. ಅದು ಅವನ ಜೊತೆ ಸುಮ್ಮನೆ ನಡೆಯಿತು.

ಅರ್ಧ ಜೋಳ ಉಳಿಯಿತೆಂದು ವ್ಯಾಪಾರಿ ತಿಳಿದ. ಕುರಿಗಾಹಿಗೆ ಬರಬೇಕಾದದ್ದು ಪೂರ್ತಿ ಬಂದಿತ್ತು. ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಕಟ್ಟೆಯಿಂದ ಇಳಿದರು. ಕುರಿಗಾಹಿ ಮನೆಗೆ ಬಂದಾಗ ಹೆಂಡತಿಗೆ ಸುದ್ದಿ ಮುಟ್ಟಿತ್ತು. ಅವಳು ಮೂಲೆಯ ಚೀಲವನ್ನು ಕಾಲಿನಿಂದ ಅವನ ಮುಂದೆ ನೂಕಿದಳು.

"ನಿನ್ನದನ್ನು ನೀನು ತಂದಿದ್ದೀಯೆ. ನೀನೇ ಬೀಸಿ, ನೀನೇ ಬೇಯಿಸಿಕೊಂಡು ತಿನ್ನು" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಸಿಟ್ಟು ಇಳಿದಿರಲಿಲ್ಲ. ಈಗ ಅದು ವ್ಯಾಪಾರಿಯ ಮೇಲೆ ತಿರುಗಿತ್ತು. ಒಪ್ಪಿದ್ದನ್ನು ಒಪ್ಪಿದ ಹೊತ್ತಿಗೆ ಅವನು ಕೊಟ್ಟಿದ್ದರೆ ಇದೊಂದೂ ಆಗುತ್ತಿರಲಿಲ್ಲ ಎಂದ. ಆ ಮಾತು ನಿಜ ಎಂದರು ಗುರುಗಳು. ವ್ಯಾಪಾರಿಯ ಪಾಪ ವ್ಯಾಪಾರಿಗೆ, ಅವನು ಬಂದು ಕೇಳಿದರೆ ಅವನಿಗೆ ಬೇರೆ ಕತೆ ಹೇಳುತ್ತೇನೆ ಎಂದರು. ಆದರೂ ಶಿಷ್ಯ ಬಿಡಲಿಲ್ಲ.

"ಅವನು ಕದಿಯಲಿಲ್ಲ ಗುರುಗಳೇ. ತಲೆ ಸವರಿ ಅಳೆದುಕೊಂಡ, ಒಂದು ಕಾಳೂ ಹೆಚ್ಚು ಮುಟ್ಟಲಿಲ್ಲ. ಅದು ಅವನದೇ ಜೋಳ."

"ಹೌದು," ಎಂದರು ಗುರುಗಳು, "ನಾಯಿಯೂ ಅವನು ಕಳ್ಳನಲ್ಲ ಎಂದೇ ತಿಳಿದಿತ್ತು."